ಊರಿಗೆಲ್ಲಾ ಬಿಸಿ

ಅಪ್ಪಾ,

ಗಾಳಿ ಸೋರುತ್ತಾ ಅಂತ ನೋಡೋ ಪರೀಕ್ಷೇಲಿ ನಮ್ಮ ಮನೆ ಪಾಸಾಯ್ತು! ನೀನು ಹೋದಮೇಲೆ ಚಳಿ ತಡೆಯೋಕೆ ಅಂತ ಗೋಡೆಯೊಳಗೆಲ್ಲ ಹಳೇ ಪೇಪರಿನ ಪುಡಿ ತುಂಬಿಸಿದ್ದೆ. ಇವತ್ತು ಸಿಗ್ನೆ ಅನ್ನೋ ಇನ್ಸ್‌ಪೆಕ್ಟರ್ ಬಂದು, ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿ ಹೊರಗೆಳೆಸಿ, ನೀನು ಪ್ರತಿ ಚಳಿಗಾಲ ಪ್ಲಾಸ್ಟಿಕ್ ಅಂಟಿಸ್ತಿದ್ದ ಕಿಟಕಿ ಹತ್ರ ಹೊಗೆಯಾಡೋ ಕಡ್ಡಿ ಹಿಡಿದಳು. ಸಂದಿಯಿಂದ ಚೂರೂ ಗಾಳಿ ನುಗ್ಗಲಿಲ್ಲ, ಹೊಗೆ ಅಲುಗಾಡಲೇ ಇಲ್ಲ!

ಫ್ಯಾನ್ ಬಿಚ್ಚಿಕೊಂಡು ಹೊರಟವಳು, "ಈ ಡುಲೂತ್ ಊರಲ್ಲಿ ಇಷ್ಟು ಬಿಗಿಯಾದ ಹಳೇ ಮನೆ ನಾನು ನೋಡೇ ಇಲ್ಲ ಕಣ್ರೀ" ಅಂತ ಹೊಸ್ತಿಲಲ್ಲೇ ನಿಂತು ಹೊಗಳ್ತಾ ಇದ್ದಳು. ನನಗೆ ತಡೀಲಿಲ್ಲ.

"ಬಾಗಿಲು ಹಾಕಮ್ಮಾ! ಊರಿಗೆಲ್ಲಾ ಬಿಸಿ ಹಂಚ್ತೀಯಾ?"

ಥೇಟ್ ನೀನು ನನ್ನ ಬೈತಿದ್ದ ಹಾಗೇ! ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ನೀನು ಮನೆಯೊಳಗೂ ತೆಗೀದೇ ಇರ್ತಿದ್ದ ಉಣ್ಣೆ ಟೋಪಿ ಇನ್ನೂ ಮೊಳೆಯಲ್ಲೇ ಇದೆ. ಹೊರಗೆ ಹಿಮ ಸುರೀತಿದೆ. ನಾನು ನಿನ್ನ ಕುರ್ಚೀಲಿ ಬರಿದಲೆಯಲ್ಲಿ ಕೂತಿದ್ದೀನಿ, ಅಪ್ಪಾ. ಕಿವಿ ಕೂಡ ತಣ್ಣಗಾಗಿಲ್ಲ.