ಅಕ್ಕನ ಕಂಪ್ಯೂಟರಿಗೆ ಯಜಮಾನ ಯಾರು

ಮಾರ್ಚ್ ೩, ಸೋಮವಾರ

ನನ್ನ ಕೈಗೆ ಬಗ್ಗದ ಯಂತ್ರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಒಮ್ಮೆ ವಿಮಾನವನ್ನೇ ಒಂದು ಸ್ಕ್ರೂಡ್ರೈವರಿನಲ್ಲಿ ರಿಪೇರಿ ಮಾಡಿಕೊಟ್ಟವನು. ಅದೂ ಹಾರುತ್ತಿರುವಾಗ.

ಹಾಗಿರುವಾಗ ಅಕ್ಕನ ಟೈಲರಿಂಗ್ ಅಂಗಡಿಯ ಕಂಪ್ಯೂಟರ್ ಯಾವ ಲೆಕ್ಕ? ಹೊಸದು ಬಂತು. ರಿಪೇರಿಯವನನ್ನು ಕರೆಯೋಣ ಎಂದಳು. ನಾನಿರುವಾಗ! ಹಳೆಯದರ ಡಿಸ್ಕ್ ಕಿತ್ತು ಹೊಸದರ ಹೊಟ್ಟೆಗೆ ಸೇರಿಸಿದೆ. ಉಳಿದ ಡಬ್ಬ ಗುಜರಿಗೆ. ಹೊಸದು ಯೂಸರ್ ಹೆಸರು ಕೇಳಿತು. ‘ಯಜಮಾನ’ ಎಂದು ಹೊಡೆದೆ. ಕೈ ತಡೆಯಲಿಲ್ಲ.

ಮಧ್ಯಾಹ್ನ

ಅಕ್ಕನ ಕಟಿಂಗ್ ನಮೂನೆಗಳೆಲ್ಲ ಒಂದೇ ಫೋಲ್ಡರಿನಲ್ಲಿವೆ. ಕಾಲರು, ತೋಳು, ಜೇಬು, ಅವಳ ಇಷ್ಟು ವರ್ಷದ ದುಡಿಮೆ. ಒತ್ತಿದೆ. ‘ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ.’

ನನಗೆ!

“ಏನೋ ಮಾಡ್ದೆ?” ಎಂದಳು ಅಕ್ಕ.

“ಹೊಸದಲ್ವಾ ಅಕ್ಕ, ಇನ್ನೂ ಬಿಸಿ ಆಗ್ತಿದೆ.”

“ಅದೇನು ಕಾವಲೀನೇನೋ? ಆಸ್ಪತ್ರೆಯವ್ರ ಕೋಟುಗಳಿಗೆ ಗುರುವಾರ ಕತ್ತರಿ ಹಾಕ್ಲೇಬೇಕು. ಇಲ್ದಿದ್ರೆ ಆ ಆರ್ಡರ್ ಎದುರಂಗಡಿಗೆ ಹೋಯ್ತು ಅನ್ಕೋ.”

ಕೋಟಿನ ಬಟ್ಟೆಯ ದುಡ್ಡನ್ನು ನನ್ನ ಫೋನಿಗೇ ಹಾಕಿದಳು. ಬಟ್ಟೆಯಂಗಡಿಗೆ ನಾಳೆಯೊಳಗೆ ಕಟ್ಟಬೇಕಂತೆ. ನಂಬಿಕೆ ಎಂದರೆ ಇದು.

ಮಾರ್ಚ್ ೪, ಮಂಗಳವಾರ

ಉಪಾಯ ಹೊಳೆಯಿತು. ಹಳೆಯದರಲ್ಲಿದ್ದ ಅಕ್ಕನ ಹೆಸರಿನಲ್ಲೇ ಹೊಸ ಖಾತೆ ತೆರೆದೆ. ಅದೇ ಅಕ್ಷರ, ಅದೇ ಪಾಸ್‌ವರ್ಡ್. ಜಪ್ಪಯ್ಯ ಅಂದರೂ ಬಾಗಿಲು ತೆಗೆಯಲಿಲ್ಲ.

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಬಾಯಿ ಖಾರ, ಅದಕ್ಕೇ ಅವಳನ್ನು ನಾನು ಮೆಣಸು ಎನ್ನುವುದು.

“ಮಾವ, ಹೆಸರು ಒಂದೇ ಆದ್ರೆ ಆಳೂ ಒಂದೇನಾ? ನಮ್ಮ ಆಫೀಸಲ್ಲಿ ಒಂದೇ ಹೆಸರಿನವ್ರು ಇಬ್ಬರಿದ್ದಾರೆ. ಒಬ್ಬರ ಸಂಬಳ ಇನ್ನೊಬ್ಬರಿಗೆ ಕೊಡ್ತಾರಾ? ಮುಟ್ಬೇಡ, ಭಾನುವಾರ ಬಂದು ನೋಡ್ತೀನಿ.”

“ವಿಮಾನ ರಿಪೇರಿ ಮಾಡಿದೋನಿಗೆ ಹೇಳಿಕೊಡ್ತೀಯಾ?”

“ಮಾವ, ನೀನು ವಿಮಾನ ಹತ್ತೇ ಇಲ್ಲ.”

ಫೋನ್ ಇಟ್ಟೆ.

ಸಂಜೆ

ಇಂಟರ್ನೆಟ್ಟಿನಲ್ಲಿ ಒಂದು ನಂಬರು ಸಿಕ್ಕಿತು. ಕಂಪ್ಯೂಟರಿನ ಯಾವ ಬೀಗವನ್ನೂ ತೆಗೆಯುತ್ತಾರಂತೆ. ದನಿ ಜೇನು. “ನಿಮ್ಮಂಥ ತಿಳಿದವರು ಸಿಗೋದೇ ಅಪರೂಪ, ಸರ್.” ಒಳ್ಳೆಯ ಮನುಷ್ಯ, ಆಳು ನೋಡಿ ಮಾತಾಡುತ್ತಾನೆ. ಚಿಕ್ಕ ಫೀಸು, ಫೋನಿನಲ್ಲೇ ಕಳಿಸಿದೆ.

ಮಾರ್ಚ್ ೫, ಬುಧವಾರ

ಜೇನಿನ ಫೋನು ಸ್ವಿಚ್ ಆಫ್.

ಅಕ್ಕನ ಅಂಗಡಿಯಲ್ಲಿ ಟೋಪಿ ಹೊಲಿಯುವುದಿಲ್ಲ. ನನಗೆ ಫೋನಿನಲ್ಲೇ ಹೊಲಿದು ಹಾಕಿದರು. ಅಳತೆ ಎಲ್ಲೂ ತಪ್ಪಿಲ್ಲ.

ಹೋದದ್ದು ಐನೂರು ಎಂದೆ ಅಕ್ಕನಿಗೆ. ಮೆಣಸಿಗೆ ಇನ್ನೂರು.

ಬಟ್ಟೆಯಂಗಡಿಯವನು ಎರಡು ಸಲ ಫೋನ್ ಮಾಡಿದ. ಮಧ್ಯಾಹ್ನ ಸ್ಕೂಟರಿನಲ್ಲಿ ಹೊರಗೆ ಹೋದೆ. ನಡೆದುಕೊಂಡು ಬಂದೆ. ಬಟ್ಟೆ ಬಂತು.

ಆಗಲಿ. ಇನ್ನು ಯಾರನ್ನೂ ಕೇಳುವುದಿಲ್ಲ. ಒಂದೋ ಅದು, ಇಲ್ಲ ನಾನು. ಕುರ್ಚಿ ಎಳೆದು ಕೂತೆ. ಕಂಡದ್ದನ್ನೆಲ್ಲ ಒತ್ತಿದೆ, ಆದರೆ ಈ ಸಲ ಓದಿ ಒತ್ತಿದೆ. ಫೋಲ್ಡರಿನ ಒಳವಿವರದಲ್ಲಿ ‘ಮಾಲೀಕರು’ ಎಂದು ಒಂದು ಸಾಲು. ಅದರ ಮುಂದೆ ಹೆಸರಿಲ್ಲ, ಮಾರುದ್ದದ ಒಂದು ನಂಬರು! ಮೆಣಸಿನ ಮಾತು ಆಗ ತಲೆಗೆ ಹೋಯಿತು. ಈ ಯಂತ್ರ ನೋಡುವುದು ಹೆಸರನ್ನಲ್ಲ, ನಂಬರನ್ನು. ಅಕ್ಕನ ಹಳೆಯ ನಂಬರು ಗುಜರಿಗೆ ಹೋದ ಕಂಪ್ಯೂಟರಿನದು.

‘ಬದಲಾಯಿಸಿ’ ಒತ್ತಿ ‘ಯಜಮಾನ’ ಎಂದು ಕೊಟ್ಟೆ. ತೆರೆಯಿತು! ಎದ್ದು ಒಂದು ಹೆಜ್ಜೆ ಕುಣಿದೆ. ಕೂತು ನೋಡಿದರೆ ಒಳಗೆ ಕಾಲರಿಗೆ ಬೇರೆ ಬೀಗ, ತೋಳಿಗೆ ಬೇರೆ, ಜೇಬಿಗೆ ಬೇರೆ.

ಮಾರ್ಚ್ ೬, ಗುರುವಾರ, ಬೆಳಿಗ್ಗೆ

ಅಕ್ಕ ಮೇಜಿನ ಮೇಲೆ ಬಟ್ಟೆ ಹಾಸಿ, ಕತ್ತರಿ ಹಿಡಿದು ನಿಂತಿದ್ದಾಳೆ. ಬೈದಿದ್ದರೆ ಎಷ್ಟೋ ವಾಸಿ.

ಮತ್ತೆ ಅದೇ ಕಡೆ ಹೋದೆ. ನಿನ್ನೆ ಕಣ್ಣಿಗೆ ಬೀಳದ ಒಂದು ಪುಟ್ಟ ಚೌಕ. ‘ಒಳಗಿರುವ ಎಲ್ಲದಕ್ಕೂ ಇದೇ ಮಾಲೀಕರು.’ ಟಿಕ್ ಹಾಕಿದೆ. ಮಾಲೀಕರು ಯಾರು ಎಂದು ಇನ್ನೊಮ್ಮೆ ಕೇಳಿತು. ‘ಯಜಮಾನ’ ಎನ್ನಲು ನಾಚಿಕೆಯಾಯಿತು. ಅಕ್ಕನ ಹೆಸರಿನಲ್ಲಿ ತೆರೆದಿದ್ದ ಖಾತೆಯನ್ನು ಆರಿಸಿದೆ. ಅದಕ್ಕೇ ಎಲ್ಲ ಅನುಮತಿ ಕೊಟ್ಟೆ.

ಫೈಲುಗಳು ಸರಸರ ಓಡಿದವು. ನಿಂತವು.

“ಅಕ್ಕ, ನೀನೇ ಬಂದು ಒತ್ತು.”

ಒತ್ತಿದಳು. ಕಾಲರು ಬಂತು. ತೋಳು ಬಂತು. ಅವಳ ಮುಖ ನೋಡಬೇಕಿತ್ತು.

“ಪರ್ವಾಗಿಲ್ವೋ ನೀನು,” ಎಂದಳು. ಹಿಂದೆಯೇ, “ಗಾಡಿ ಎಲ್ಲಿ?”

“ನಡೀತಿದ್ದೀನಿ ಅಕ್ಕ. ಹೊಟ್ಟೆ ಇಳಿಸೋಕೆ.”

ಮಾರ್ಚ್ ೧೨, ಬುಧವಾರ

ಕೋಟುಗಳು ಸೋಮವಾರವೇ ಹೋದವು. ಆಸ್ಪತ್ರೆಯವರು ಇನ್ನಷ್ಟು ಬೇಕೆಂದಿದ್ದಾರೆ. ‘ಯಜಮಾನ’ ಖಾತೆ ಅಳಿಸಿದೆ.

ಗುಂಡಿ ಹಚ್ಚುತ್ತಾ, ತಲೆ ಎತ್ತದೆ ಅಕ್ಕ ಕೇಳಿದಳು: “ಐನೂರಕ್ಕೆ ಸ್ಕೂಟರ್ ಮಾರಿದ್ಯೇನೋ?”

ಬಿದ್ದ ಗುಂಡಿ ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ತೂರಿದೆ.

ನಾಳೆ ಹೇಳುತ್ತೇನೆ. ಮೊದಲು ಇಲ್ಲಿ ಬರೆದು ಅಭ್ಯಾಸ ಮಾಡಿಕೊಳ್ಳಬೇಕು. ಐನೂರಲ್ಲ. ಇನ್ನೂರೂ ಅಲ್ಲ. ಮೂವತ್ತೊಂದು ಸಾವಿರದ ನಾನೂರು. ಅದೂ ಒಂದೇ ಸಲವಲ್ಲ — ‘ನಿಮ್ಮಂಥ ತಿಳಿದವರು’ ಎಂದು ಅವನು ಅಂದಾಗಲೆಲ್ಲ ಒಂದೊಂದು ಸಲ…