ಅರ್ಧ ದಾರಿಯಿಂದ ಹಿಂದಕ್ಕೆ

ಕನನರಾ,
ಡಿಸೆಂಬರ್

ಪ್ರೀತಿಯ ಅಪ್ಪ,

ಚಿಕ್ಕಪ್ಪನ ಅಂಗಡಿಯಲ್ಲಿ ನನಗೆಂದು ಹಿಡಿದಿಟ್ಟ ಕೆಲಸವನ್ನು ಬೇರೆ ಯಾರಿಗಾದರೂ ಕೊಡಲು ಹೇಳು.

ಪೈಲಟ್ ಲೈಸೆನ್ಸ್ ಹಿಡಿದು ಈ ಉತ್ತರದ ಊರಿಗೆ ಬಂದಾಗಿನಿಂದ ವಿಮಾನದ ಶೆಡ್ ಗುಡಿಸಿದ್ದೇ ಆಯಿತು. ಕಾದು ಕಾದು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಂಗಳವಾರ ಕೊನೆಗೂ ನನ್ನ ಸರದಿ ಬಂತು. ಈ ಊರಿನ ಡೋರೀನ್ ಅಜ್ಜಿಯನ್ನು ಅವಳ ತಂಗಿಯ ಮಣ್ಣಿಗೆ ಕರಾವಳಿಯ ಹಳ್ಳಿಗೆ ಕರೆದೊಯ್ಯಬೇಕಿತ್ತು.

ಅರ್ಧ ದಾರಿಯಲ್ಲಿ ಗುಡುಗುಮೋಡ ಅಡ್ಡ ಬಂತು. ಸುತ್ತಿ ಹೋಗಲು ಇಂಧನ ಸಾಲದು. ವಿಮಾನ ತಿರುಗಿಸಿದೆ.

"ಯಾಕಮ್ಮಾ ತಿರುಗಿಸ್ದೆ? ಅಲ್ಲಿ ನನ್ ತಂಗಿ ಕಾಯ್ತಿದಾಳೆ," ಎಂದಳು ಅಜ್ಜಿ.

"ಮೋಡ ದಾರಿ ಬಿಡ್ತಿಲ್ಲ ಅಜ್ಜಿ."

ಇಳಿದಾಗ ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಯಜಮಾನಿ ಗ್ಲೆಂಡಾ ಮಾತ್ರ, "ಮುಖ ಯಾಕೆ ಹಾಗ್ ಮಾಡ್ಕೊಂಡಿದೀಯೇ? ಎಲ್ರೂ ನಡ್ಕೊಂಡೇ ಇಳಿದ್ರಲ್ಲ," ಎಂದು ಒಳಗೆ ಹೋದಳು.

ಹಳ್ಳಿಯವರು ಅಜ್ಜಿಗಾಗಿ ಮಣ್ಣು ಮಾಡದೆ ಕಾದಿದ್ದರು. ಮರುದಿನ ಬೆಳಿಗ್ಗೆ ಗ್ಲೆಂಡಾ ಹಳಬ ಪೈಲಟ್ ಬ್ರೆಟ್‌ನನ್ನು ಕಳಿಸಲು ಹೊರಟಾಗ ಅಜ್ಜಿ ಕೋಲು ಅಡ್ಡ ಹಿಡಿದಳು.

"ಅವನು ಬೇಡ. ನಿನ್ನೆ ವಾಪಸ್ ಕರ್ಕೊಂಡ್ ಬಂದ್ಳಲ್ಲ, ಆ ಹುಡುಗೀನೇ ಬರ್ಲಿ."

ಹೋದೆವು, ಅಪ್ಪ. ತಲುಪಿದೆವು.

ಇಲ್ಲಿ ಹಾರಾಟದ ಗಂಟೆಗಳು ಸಾಕಷ್ಟು ಕೂಡಿದ ಮೇಲೆ ಎರಡು ಎಂಜಿನ್ನಿನ ವಿಮಾನ, ಆಮೇಲೆ ದೊಡ್ಡ ಕಂಪನಿಗೆ ಅರ್ಜಿ. ಅಲ್ಲಿಯವರೆಗೆ ಹೀಗೇ, ದಿನವಿಡೀ ಬಾಗಿಲಿಗೆ ಬಂದು ಆಕಾಶ ನೋಡುತ್ತಿರುತ್ತೇನೆ. ನನ್ನ ಮಳೆಕೋಟು ಕಳಿಸು. ಅಮ್ಮನಿಗೆ ತಲುಪಿದ್ದನ್ನಷ್ಟೇ ಹೇಳು.

ನಿನ್ನ
ಬ್ರಾನ್ವಿನ್