ಝೆನ್‌ಹಾಯ್, ಹಳೇ ಸೈಲೆನ್ಸರನ್ನೇ ಹಾಕಿಸು

ಝೆನ್‌ಹಾಯ್,

ನೀನು ಮಲಗಿದ್ದಾಗ ಸ್ಕೂಟರನ್ನು ವರ್ಷದ ಹೊಗೆ ಪರೀಕ್ಷೆಗೆ ಒಯ್ದಿದ್ದೆ. ಫೇಲಾಯಿತು. ಅಂಗಡಿಯ ಹುಡುಗಿ ಬಗ್ಗಿ ಕೆಳಗೆಲ್ಲ ಹುಡುಕಿ, "ಅಜ್ಜೀ, ಹೊಗೆ ಶುದ್ಧಿ ಮಾಡೋ ಭಾಗಾನೇ ಇಲ್ವಲ್ಲ! ಯಾರೋ ಸೈಲೆನ್ಸರ್ ಬದಲಾಯಿಸಿದಾರೆ," ಅಂದಳು.

"ಕಳ್ಳರಿರಬೇಕು ಕಣಮ್ಮಾ," ಅಂದೆ.

ಪಕ್ಕದಲ್ಲಿ ಪಂಕ್ಚರ್ ಹಾಕುತ್ತಿದ್ದ ನಿನ್ನ ಗೆಳೆಯ ಅ-ಬಿಂಗ್ ಬಿದ್ದು ಬಿದ್ದು ನಕ್ಕ. ಎದ್ದು ಬಂದು ನನ್ನ ಕಿವಿಯ ಹತ್ತಿರ ಕೂಗಿದ: "ಕಳ್ಳರಲ್ಲ ಅತ್ತಿಗೆ, ನಿಮ್ಮ ಯಜಮಾನ್ರೇ ಈ ಜೋರು ಸದ್ದಿನದನ್ನ ನನ್ನ ಕೈಲಿ ಹಾಕಿಸ್ಕೊಂಡ್ರು. 'ಅವಳಿಗೆ ಕಿವಿ ಮಂದ ಆಗಿದೆ, ನಾನು ಬರೋವರೆಗೂ ಬಾಗಿಲಲ್ಲೇ ನಿಂತಿರ್ತಾಳೆ, ಗಲ್ಲಿ ತಿರುವಲ್ಲೇ ಕೇಳೋ ಹಾಗಿರಲಿ' ಅಂದ್ರು."

ಬೇಕೆಂದೇ ಸ್ಕೂಟರನ್ನು ಗುರುಗುಟ್ಟಿಸುತ್ತೀ, ಅರವತ್ತೆಂಟರ ಮುದುಕನಿಗೆ ಪಡ್ಡೆ ಹುಡುಗರ ಚಾಳಿ ಬಂತು ಅಂತ ಆರು ತಿಂಗಳು ಬೈದೆನಲ್ಲ, ಒಂದು ಮಾತು ಹೇಳಬಾರದಿತ್ತೇ?

ಇರಲಿ. ಸರಕಾರಕ್ಕೆ ನಮ್ಮ ಮನೆಯ ಸಂಗತಿ ಗೊತ್ತಿಲ್ಲ. ಒಂದು ತಿಂಗಳೊಳಗೆ ಕಂಪನಿಯ ಸೈಲೆನ್ಸರನ್ನೇ ಹಾಕಿಸಿ ಮತ್ತೆ ಪರೀಕ್ಷೆ ಮಾಡಿಸಬೇಕಂತೆ. ಹಳೆಯದನ್ನು ಅ-ಬಿಂಗ್ ಎಸೆದಿಲ್ಲ. ಮಧ್ಯಾಹ್ನವೇ ಹೋಗು, ಅಲ್ಲಿ ಹರಟೆಗೆ ಕೂರಬೇಡ.

ಹಾಲುಮೀನಿನ ಗಂಜಿ ಒಲೆಯ ಮೇಲಿದೆ. ಶುಂಠಿ ಹೆಚ್ಚಲು ನನಗೆ ಪುರುಸೊತ್ತಾಗಲಿಲ್ಲ, ನೀನೇ ಹೆಚ್ಚಿಕೋ.

ನಾನು ಬಸ್ಸಿನಲ್ಲಿ ಕಿವಿ ಡಾಕ್ಟರ ಹತ್ತಿರ ಹೊರಟೆ. ಹೌದು, ನೀನು ಮೂರು ವರ್ಷದಿಂದ ಹೋಗು ಹೋಗು ಅಂತ ಗೋಗರೆಯುತ್ತಿದ್ದ ಡಾಕ್ಟರೇ. ಯಂತ್ರ ಕೊಟ್ಟರೆ ಮರುಮಾತಿಲ್ಲದೆ ಹಾಕಿಸಿಕೊಂಡು ಬರುತ್ತೇನೆ.

ಸಂಜೆ ನೀನು ಸದ್ದಿಲ್ಲದೆ ಬಾ. ಕೇಳಿಸುತ್ತದೋ ಇಲ್ಲವೋ ನೋಡೋಣ.

ಲಿಜುವಾನ್